ಅಟ್ಟದ ಏಣಿ ತೆಗೆದದ್ದು

ನನ್ನ ಮಗನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದವಳು ನಾನೇ. ಕೇಳಿದವರಿಗೆ ಅವನು ಏಣಿ ಜಾರಿತು ಅನ್ನುತ್ತಾನೆ. ಜಾರಲಿಲ್ಲ.

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ತನಕ ಒಣಗಿಸಿ ಕೊಬ್ಬರಿ ಮಾಡುತ್ತೇವೆ. ಅಲ್ಲಿ ಸೆಕೆ, ಧೂಳು, ಇಲಿ. ನನ್ನ ಮೊಮ್ಮಗಳನ್ನು ಎಲ್ಲರೂ ಇನ್ನೂ ಹುಡುಗ ಅಂತಲೇ ಕರೆಯುತ್ತಿದ್ದ ಕಾಲ. ಹೈಸ್ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ಅವರವ್ವನ ಸೀರೆ ಉಟ್ಟು ಕನ್ನಡಿ ಮುಂದೆ ನಿಂತಿದ್ದನ್ನು ಅವಳಪ್ಪ, ಅಂದರೆ ನನ್ನ ಮಗ, ನೋಡಿದ. ಸೀರೆಯಲ್ಲೇ ಅಟ್ಟಕ್ಕೆ ಹತ್ತಿಸಿ ಏಣಿ ಎಳೆದ. ಊರವರನ್ನು ಕರೆದು, "ನೋಡ್ರಲಾ, ನಮ್ಮನೆ ಹೆಣ್ಣ!" ಎಂದು ತೋರಿಸಿ ನಕ್ಕ. ಅವತ್ತು ತುರುವೇಕೆರೆಗೆ ಹೋಗಿದ್ದ ನಾನು ಸಂಜೆ ಬಸ್ಸಿಗೆ ಬಂದು ಇಳಿಸಿದೆ. ಹುಡುಗಿ ಸೀರೆಯಲ್ಲೇ ಉಚ್ಚೆ ಹುಯ್ದುಕೊಂಡಿದ್ದಳು. ಅದನ್ನು ನಾನು ಮರೆಯಲಿಲ್ಲ.

ಆಮೇಲೆ ಮನೆ ಬಿಟ್ಟು ಮೈಸೂರಿಗೆ ಹೋದಳು, ಹೆಣ್ಣಾಗಿ ಬದುಕಿದಳು. ನನಗೆ ಮಾತ್ರ ಫೋನ್ ಮಾಡುತ್ತಿದ್ದಳು. ಹೋದ ವರ್ಷ ಟಿ.ವಿ.ಯವರು, ಹುಡುಗ ಹುಡುಗಿಯರನ್ನು ಒಂದು ಬಂಗಲೆಯಲ್ಲಿಟ್ಟು ಜೋಡಿ ಕೂಡಿಸುವ ಆಟಕ್ಕೆ ಅವಳನ್ನು ಕರೆದರು. ಒಳಗೆ ಹೋಗುವ ಮುಂಚೆ ಫೋನ್ ಮಾಡಿದಳು.

"ಅಜ್ಜಿ, ನಾನ್ಯಾರು ಅಂತ ಅಲ್ಲಿ ಎಲ್ಲಾರ್ಗೂ ನಾನೇ ಹೇಳ್ತೀನಿ. ಆದ್ರೆ ಮನೆಗೆ ಬಂದು ನನ್ನ ಹಳೇ ಫೋಟೋ ಕೇಳ್ತಾರೆ. ಕೊಡಬ್ಯಾಡ. ಎತ್ತಿ ಹಿಡ್ದು ಜನಾನ ನಗಿಸ್ತಾರೆ."

"ನನ್ ಹೆಣ ಬಿದ್ರೂ ಕೊಡಕಿಲ್ಲ ಬುಡು."

ಮನೆಯಲ್ಲಿ ಉಳಿದಿದ್ದದ್ದು ಒಂದೇ ಫೋಟೋ. ಚಡ್ಡಿ ಹಾಕಿ ಕ್ರಾಪು ಬಾಚಿದ್ದು. ಗೋಡೆಯಿಂದ ತೆಗೆದು ನನ್ನ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡೆ.

ಕ್ಯಾಮೆರಾದವರು ಬಂದರು. ನನ್ನ ಮಗ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ, ಅಳುವುದಕ್ಕೆ ತಯಾರಾಗಿ ಕೂತಿದ್ದ. ಅವರ ಜೊತೆ ಬಂದ ಹುಡುಗಿ ನನ್ನನ್ನು ಕೇಳಿದಳು.

"ಚಿಕ್ಕಂದಿನ ಫೋಟೋ ಒಂದು ಬೇಕಲ್ಲ ಅಜ್ಜಿ. ಅಲ್ಲಿ ಅವರಿಗೆ ಜೊತೆಯಾಗಿರೋ ಹುಡುಗನಿಗೆ ತೋರಿಸ್ಬೇಕು."

"ಅವನಿಗೆ ನಮ್ ಹುಡ್ಗಿ ಎಲ್ಲಾ ಹೇಳವ್ಳಲ್ಲ ಕಣವ್ವ."

"ಹೇಳಿದಾರೆ. ಆದ್ರೆ ಫೋಟೋ ನೋಡಿದಾಗ ಅವನ ಮುಖ ಹೇಗಾಗುತ್ತೆ, ಜನಕ್ಕೆ ಬೇಕಾಗಿರೋದು ಅದೇ."

ಮಗ ಎದ್ದು ನಿಂತ. "ಗೋಡೆ ಮ್ಯಾಲಿತ್ತಲ್ಲ, ಎಲ್ಲವ್ವ ಅದು?"

"ಅಟ್ಟದ್ ಮ್ಯಾಲೆ, ಹಳೇ ಟ್ರಂಕಲ್ಲಿ ಐತೆ. ಹತ್ತು."

ಹತ್ತಿದ. ಕಾಯಿ ರಾಶಿ ದಾಟಿ ಮೂಲೆಗೆ ಹೋದ ಸದ್ದು ಕೇಳಿದ ಮೇಲೆ ಬಿದಿರೇಣಿ ಎಳೆದು ಹಿತ್ತಲಿಗೆ ಹಾಕಿ, ಹಿತ್ತಲ ಬಾಗಿಲಿಗೆ ಬೀಗ ಜಡಿದು ಬಂದೆ.

"ಅವ್ವಾ! ಏಣಿ ಎಲ್ಲಿ?"

"ಹೆಂಗೈತ್ಲಾ ಮ್ಯಾಲೆ? ಸೆಕೇನಾ?"

"ಇವ್ರೆಲ್ಲ ಕಾಯ್ತಾವ್ರೆ ಕಣವ್ವ, ಮಾನ ಕಳೀಬ್ಯಾಡ!"

"ಅವತ್ತು ಊರನ್ನೆಲ್ಲ ಕರ್ದು ತೋರ್ಸಿದ್ಯಲ್ಲ. ನಾನೂ ಕರೀಲಾ?"

ಕರೆದೆ. ಅಕ್ಕಪಕ್ಕದವರೆಲ್ಲ ಬಂದರು. "ನೋಡ್ರಪ್ಪ, ನಮ್ಮನೆ ಗಂಡು," ಎಂದೆ.

ಪಕ್ಕದ ಮನೆಯವಳು ಕತ್ತೆತ್ತಿ ನೋಡಿ, "ಒಣಗಿ ಕೊಬ್ಬರಿ ಆಗೋಗಂಟ ಅಲ್ಲೇ ಬುಟ್ಬುಡು ಕಣತ್ತೆ," ಎಂದಳು. ನನ್ನ ಸೊಸೆ ಸೆರಗಿಂದ ಬಾಯಿ ಮುಚ್ಚಿಕೊಂಡಳು. ಏಣಿ ತರಲು ಏಳಲಿಲ್ಲ.

ಕ್ಯಾಮೆರಾದವರು ಬೇರೆ ಏಣಿ ಕೇಳಿಕೊಂಡು ಬೀದಿ ಸುತ್ತಿದರು. ಊರವರಿಗೆ ಹಳೆಯದು ನೆನಪಿತ್ತೋ, ತಮಾಷೆ ಬೇಕಿತ್ತೋ, ಯಾರೂ ಕೊಡಲಿಲ್ಲ. ಬೆಳಕು ಹೋಗುತ್ತದೆಂದು ಅವರು ಬರಿಗೈಯಲ್ಲಿ ಹೊರಟರು. ಮಗನನ್ನು ಸಂಜೆ ಬಸ್ಸು ಬಂದ ಮೇಲೆ ಇಳಿಸಿದೆ. ಇಸ್ತ್ರಿ ಅಂಗಿ ಗುರುತು ಸಿಗುತ್ತಿರಲಿಲ್ಲ.

ಟಿ.ವಿ.ಯಲ್ಲಿ ಆ ಹುಡುಗ ಕೊನೆಗೆ ಬೇರೆಯವಳನ್ನು ಆರಿಸಿಕೊಂಡ. ಆರಿಸಿಕೊಳ್ಳಲಿ. ನನ್ನ ಮೊಮ್ಮಗಳ ಈಗಿನ ಮುಖ ಬಿಟ್ಟು ಬೇರೆ ಮುಖವನ್ನು ಯಾರೂ ನೋಡಲಿಲ್ಲ.

ಫೋಟೋ ಇನ್ನೂ ನನ್ನ ಚೀಲದಲ್ಲೇ ಇದೆ, ಎಲೆ ಸುಣ್ಣದ ಜೊತೆ. ಅವಳು ಬಂದಾಗ ಕೊಡುತ್ತೇನೆ, ಹರಿಯುತ್ತಾಳೋ ಇಟ್ಟುಕೊಳ್ಳುತ್ತಾಳೋ ಅವಳಿಷ್ಟ. ಮಗ ಈಗ ಅಟ್ಟ ಹತ್ತುವ ಮುಂಚೆ ನಾನೆಲ್ಲಿದ್ದೇನೆ ಎಂದು ತಿರುಗಿ ನೋಡುತ್ತಾನೆ. ನೋಡಲಿ.