ಕಾಳಕ್ಕನ ಹನ್ನೆರಡು ಹಾಳೆಗಳು

ತಾಳ್ಯದ ಕಾಳಕ್ಕ ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷವಾದರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ "ಯಜಮಾನರ ಹೆಸರೇನಮ್ಮ?" ಎಂದು ಕೇಳಿದರೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತಿದ್ದಳು. ಅವರು "ಓಬಣ್ಣ ಅಂತ ಬರ್ಕಳ್ರಿ" ಎಂದರೆ ಇವಳು ತಲೆಯಾಡಿಸುತ್ತಿದ್ದಳು. ಇಷ್ಟು ಮರ್ಯಾದೆ ಪಡೆದ ಓಬಣ್ಣ ಎಂಥ ದೊಡ್ಡ ಮನುಷ್ಯನೋ ಎಂದುಕೊಳ್ಳಬೇಡಿ. ಕಂಬಳಿ ನೇಯುವವನು. ನೇಯ್ಗೆ ಚೆನ್ನಾಗಿಯೇ ಬರುತ್ತಿತ್ತು. ಮಿಕ್ಕಿದ್ದರಲ್ಲೆಲ್ಲ ನಮ್ಮ ನಿಮ್ಮ ಹಾಗೆಯೇ, ಹಟ ಮಾತ್ರ ಒಂದು ಹಿಡಿ ಜಾಸ್ತಿ.

ಆ ಮನೆಯಲ್ಲಿ ಕೆಲಸದ ಪಾಲು ಯಾವ ಕಾಲದಲ್ಲಿ ಆಯಿತೋ ಯಾರಿಗೂ ಗೊತ್ತಿಲ್ಲ. ಉಣ್ಣೆ ತೊಳೆಯುವುದು, ಹಿಂಜುವುದು, ನೂಲುವುದು, ಹುಣಸೆ ಬೀಜ ಅರೆದು ಗಂಜಿ ಕಾಯಿಸಿ ಎಳೆಗಳಿಗೆ ಹಚ್ಚುವುದು ಹೆಂಗಸರಿಗೆ. ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು ಗಂಡಸರಿಗೆ. ಹೆಂಗಸು ಗುಣಿಗೆ ಇಳಿಯಬಾರದು. ಯಾಕೆ ಎಂದು ಕಾಳಕ್ಕ ಚಿಕ್ಕವಳಿದ್ದಾಗ ಹಿರಿಯೂರು ಕಡೆಯ ತವರಿನಲ್ಲಿ ಒಮ್ಮೆ ಅಜ್ಜಿಯನ್ನು ಕೇಳಿದ್ದಳು. "ಇಳಿಬಾರ್ದು ಅಂದ್ರೆ ಇಳಿಬಾರ್ದು" ಎಂದಿದ್ದಳು ಅಜ್ಜಿ. ಇದಕ್ಕಿಂತ ಒಳ್ಳೆಯ ಕಾರಣವನ್ನು ಆಮೇಲೂ ಯಾರೂ ಕೊಡಲಿಲ್ಲ.

ಆದರೆ ಗುಣಿಗೆ ಇಳಿಯದವಳ ತಲೆಗೆ ನಮೂನೆ ಹೊಳೆಯಬಾರದು ಎಂಬ ಕಟ್ಟಳೆ ಇರಲಿಲ್ಲ. ನೂಲುತ್ತ ಕೂತ ಕಾಳಕ್ಕನ ಕಣ್ಣ ಮುಂದೆ ಅಂಚುಗಳು ಮೂಡುತ್ತಿದ್ದವು. ಬಿಳಿ ಎಷ್ಟು ಎಳೆ, ಕಂದು ಎಷ್ಟು, ಬೂದಿ ಬಣ್ಣದ್ದು ಎಲ್ಲಿ ಬರಬೇಕು, ಎಲ್ಲವನ್ನೂ ಮನಸ್ಸಿನಲ್ಲೇ ಎಣಿಸಿ ಇಟ್ಟುಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಧೈರ್ಯ ಮಾಡಿ ಗಂಡನಿಗೂ ಹೇಳುತ್ತಿದ್ದಳು.

"ಏನ್ರಿ, ಈ ಸಲ ಅಂಚಿಗೆ ಒಂದಿಷ್ಟು ಬೂದಿ ಬಣ್ಣ ಕೊಟ್ಟು ನೋಡ್ರಿ. ಚೆನ್ನಾಗಿರ್ತದೆ."

"ಕುರಿ ಕರ್ರಗೈತೆ, ಕಂಬಳಿನೂ ಕರ್ರಗಿರ್ಲಿ. ಕುರಿಗಿಲ್ಲದ ಸೋಕಿ ಕಂಬಳಿಗ್ಯಾಕೆ?"

ಇಪ್ಪತ್ತೆರಡು ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಒಂದು ಅಕ್ಷರ ಆಚೀಚೆ ಆಗಲಿಲ್ಲ. ಕಾಳಕ್ಕ ಎದುರಾಡುತ್ತಿರಲಿಲ್ಲ, ಮತ್ತೆ ನೂಲಿಗೆ ಕೂರುತ್ತಿದ್ದಳು. ಅವಳಿಗೆ ಬೇಜಾರಾಗುತ್ತಿತ್ತೇ ಎಂದು ಕೇಳಿದರೆ, ಹೌದು, ಬಹಳ ಆಗುತ್ತಿತ್ತು.

ಎರಡು ಸಾವಿರದ ನಾಲ್ಕನೆಯ ಇಸವಿ ಮುಗಿಯುತ್ತ ಬಂದಿತ್ತು. ಒಂದು ದಿನ ಸ್ತ್ರೀಶಕ್ತಿ ಗುಂಪಿನ ಸಭೆಯಲ್ಲಿ ಒಂದು ಕಾಗದ ಓದಿದರು. ಚಿತ್ರದುರ್ಗದ ಉಣ್ಣೆ ನೇಕಾರರ ಸಂಘವೊಂದಕ್ಕೆ ಹೊಸ ನಮೂನೆ ಮಾಡಿಕೊಡುವ ಒಬ್ಬರು ಬೇಕಾಗಿದ್ದರು. ಆಯ್ಕೆಯಾದವರ ನಮೂನೆಗಳನ್ನು ಸಂಘದ ಮಗ್ಗಗಳಲ್ಲಿ ನೇಯಿಸುತ್ತಾರೆ. ಬೇಕೆನ್ನುವವರು ತಮ್ಮ ಹನ್ನೆರಡು ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆದು, ಆಲ್ಬಮ್ಮಿನ ಹಾಗೆ ಜೋಡಿಸಿ, ಸಿ.ಡಿ.ಗೆ ಹಾಕಿ ಯುಗಾದಿಯೊಳಗೆ ಕಳಿಸಬೇಕು. ಕಂಪ್ಯೂಟರ್ ಬಾರದ ಹೆಂಗಸರಿಗೆ ಹೊಳಲ್ಕೆರೆಯಲ್ಲಿ ಮೂರು ತಿಂಗಳು ಕಲಿಸುತ್ತಾರೆ.

ನೇಯಿಸುತ್ತಾರೆ ಎಂಬ ಒಂದು ಮಾತು ಕಾಳಕ್ಕನ ಕಿವಿಯಲ್ಲಿ ಕೂತುಬಿಟ್ಟಿತು. ತಲೆಯಲ್ಲಿರುವುದು ಒಂದೇ ಒಂದು ಸಲ ಕಂಬಳಿಯಾಗಿ ಕೈಗೆ ಸಿಕ್ಕರೆ ಸಾಕಿತ್ತು ಅವಳಿಗೆ. ಮನೆಗೆ ಬಂದು ಗಂಡನಿಗೆ ಹೇಳಿದಳು. ಓಬಣ್ಣ ಗುಣಿಯಿಂದಲೇ ನಕ್ಕ.

"ಲೇ, ಏಳನೇ ಕ್ಲಾಸು ಓದಿದೋಳು ನೀನು. ಅದು ಎಂಜಿನಿಯರು ಮುಟ್ಟೋ ಸಾಮಾನು."

"ಮುಟ್ಟಿ ನೋಡ್ತೀನಿ. ಸುಟ್ರೆ ಕೈ ತಗೀತೀನಿ" ಎಂದಳು ಕಾಳಕ್ಕ.

ಹೊಳಲ್ಕೆರೆಯ ಕಂಪ್ಯೂಟರ್ ಸೆಂಟರ್ ಗೊಬ್ಬರದ ಅಂಗಡಿಯ ಮಹಡಿಯ ಮೇಲಿತ್ತು. ಮೇಷ್ಟ್ರು ರಘುನಾಥ್, ಇಪ್ಪತ್ತಾರರ ಹುಡುಗ. ಕಾಳಕ್ಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಂತ್ರಕ್ಕೆ ಕೈಮುಗಿದು ಕೂತಳು. ಮೊದಲ ದಿನ ಮೌಸ್ ಹಿಡಿದದ್ದೇ ತಡ, ಬಲದಿಂದ ಎಡಕ್ಕೆ ಮಗ್ಗದ ಲಾಳಿ ಎಸೆದಂತೆ ಎಸೆದಳು. ಅದು ಮೇಜಿನ ಅಂಚಿನಿಂದ ಕೆಳಗೆ ಜೋತಾಡಿತು. ಲಾಳಿ ಮುಟ್ಟಬಾರದವಳಿಗೆ ಲಾಳಿ ಎಸೆಯುವುದು ಇಷ್ಟು ಚೆನ್ನಾಗಿ ಯಾವಾಗ ಬಂತು ಎಂದು ಓಬಣ್ಣ ನೋಡಿದ್ದರೆ ಖಂಡಿತ ಕೇಳುತ್ತಿದ್ದ.

"ಕಾಳಕ್ಕ, ಎತ್ತಬ್ಯಾಡ್ರಿ. ಮೆಲ್ಲಕೆ ಜರುಗಿಸ್ರಿ" ಎಂದ ರಘುನಾಥ್.

ಹದಿನೈದು ದಿನದಲ್ಲಿ ಕೈ ಕೂತಿತು. ಚಿತ್ರವನ್ನು ದೊಡ್ಡದು ಮಾಡಿದರೆ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ ಎಂದು ಮೇಷ್ಟ್ರು ತೋರಿಸಿದ ದಿನ ಕಾಳಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಒಂದು ಚೌಕ ಅಂದರೆ ಒಂದು ಎಳೆ. ಅಲ್ಲಿಂದ ಮುಂದಕ್ಕೆ ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೇಳಿಕೊಡಲು ಹೋದ ಮೇಷ್ಟ್ರೇ ಮಾತು ಕೇಳಿಸಿಕೊಂಡು ಬಂದ.

"ಇದರಾಗೆ ಲಕ್ಷಗಟ್ಟಲೆ ಬಣ್ಣ ಅವೆ ಅಕ್ಕ. ನೀವು ನಾಕೇ ಬಳಸ್ತೀರಿ. ಈ ಗುಲಾಬಿ ಹಾಕಿ ನೋಡ್ರಿ, ಎಷ್ಟು ಚಂದ ಕಾಣ್ತದೆ."

"ಗುಲಾಬಿ ಬಣ್ಣದ ಕುರಿ ಎಲ್ಲೈತೆ ತೋರಿಸ್ರಿ ಮೇಷ್ಟ್ರೆ. ಹಾಕ್ತೀನಿ."

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬೆಳಗಿನಿಂದ ಬರೆದಿದ್ದ ಅಂಚು ಮಾಯ. ಇವಳು ಸೇವ್ ಮಾಡಿರಲಿಲ್ಲ. ಕಾಳಕ್ಕ ಕಪ್ಪಗಾದ ಪರದೆಯನ್ನು ಬೆರಳಿನಿಂದ ತಟ್ಟಿ ನೋಡಿದಳು. "ಕರೆಂಟ್ ಹೋದ್ರೆ ನೇಯ್ದ ಕಂಬಳಿ ಬಿಚ್ಕಂತದೇನ್ರಿ?" ಎಂದು ಕೇಳಿದಳು. ಮರುದಿನದಿಂದ ಅವಳು ನಾಲ್ಕು ಚೌಕಕ್ಕೊಮ್ಮೆ ಸೇವ್ ಮಾಡತೊಡಗಿದಳು. ಅದೊಂದು ಅತಿಯೇ ಆಯಿತು, ಆದರೆ ಹೇಳಲು ಮೇಷ್ಟ್ರಿಗೆ ಧೈರ್ಯವಾಗಲಿಲ್ಲ.

ಯುಗಾದಿಗೆ ಐದು ದಿನ ಇರುವಾಗ ಹನ್ನೆರಡು ಹಾಳೆಗಳೂ ಮುಗಿದವು. ಏಳನೆಯ ಹಾಳೆಯಲ್ಲಿ ಆ ಬೂದಿ ಬಣ್ಣದ ಅಂಚು ಇತ್ತು. ಪ್ರತಿ ಹಾಳೆಯ ಕೆಳಗೂ ಹೆಸರು ಬರೆಯಬೇಕೆಂದು ರಘುನಾಥ್ ಹೇಳಿ, ಕನ್ನಡ ಅಕ್ಷರ ಒತ್ತುವುದನ್ನು ತೋರಿಸಿ, ಮಿಕ್ಕವರ ಕಡೆ ಹೋದ.

ಯಾರ ಹೆಸರು ಎಂದು ಅವನು ಹೇಳಲಿಲ್ಲ, ಇವಳು ಕೇಳಲೂ ಇಲ್ಲ. ಕೇಳುವಂಥದ್ದೇನಿತ್ತು ಅದರಲ್ಲಿ? ಆ ಸೀಮೆಯಲ್ಲಿ ಕಂಬಳಿ ಮಗ್ಗದವನ ಹೆಸರಲ್ಲೇ ಸಂತೆಗೆ ಹೋಗುತ್ತದೆ. ಇದು ಪಾಲಣ್ಣನ ಕಂಬಳಿ, ಇದು ಜಂಬಣ್ಣನ ಕಂಬಳಿ ಎನ್ನುತ್ತಾರೆಯೇ ಹೊರತು ನೂಲಿದವಳ ಹೆಸರನ್ನು ಯಾರೂ ಎತ್ತುವುದಿಲ್ಲ. ಕಾಳಕ್ಕ ಒಂದೊಂದೇ ಅಕ್ಷರ ಹುಡುಕಿ 'ತಾಳ್ಯದ ಓಬಣ್ಣ' ಎಂದು ಒತ್ತಿದಳು. ಒತ್ತಿ ಮುಗಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬಾಯಲ್ಲಿ ಹೇಳಬಾರದು ಎಂದು ಅವ್ವ ಕಲಿಸಿದ್ದಳು, ಬೆರಳಲ್ಲಿ ಒತ್ತಬಾರದು ಎಂದು ಕಲಿಸಿರಲಿಲ್ಲ. ಆ ಸಂತೋಷಕ್ಕೆ ಹನ್ನೆರಡು ಹಾಳೆಗೂ ಒತ್ತಿದಳು. ಬಸ್ಸಿನ ಹೊತ್ತಾಗಿತ್ತು. ರಘುನಾಥ್ ಹಾಳೆ ತೆರೆದು ನೋಡದೆ ಸಿ.ಡಿ. ಮಾಡಿ ಕೊಟ್ಟ. ಲಕೋಟೆಯ ಮೇಲೂ ಅದೇ ಹೆಸರು ಹೋಯಿತು, ಮನೆಗೆ ಪತ್ರ ಬರುವುದೆಲ್ಲ ಅವನ ಹೆಸರಿಗೇ ತಾನೆ.

ಉತ್ತರ ಬಂತು. ಶ್ರೀ ಓಬಣ್ಣನವರ ಹನ್ನೆರಡು ನಮೂನೆಗಳು ಸಮಿತಿಗೆ ಬಹಳ ಮೆಚ್ಚುಗೆಯಾಗಿವೆ, ಮುಂದಿನ ಗುರುವಾರ ಅವರು ಖುದ್ದಾಗಿ ಬಂದು ಕಂಪ್ಯೂಟರಿನಲ್ಲಿ ಕೆಲಸ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಅವರನ್ನೇ ತೆಗೆದುಕೊಳ್ಳುತ್ತೇವೆ ಎಂದಿತ್ತು.

ಪೋಸ್ಟಿನವನು ಅದನ್ನು ಕೊಟ್ಟದ್ದು ಗೊಲ್ಲಪ್ಪನ ಚಾ ಅಂಗಡಿಯಲ್ಲಿ, ಓಬಣ್ಣನ ಕೈಗೆ, ಹತ್ತು ಜನರ ಮುಂದೆ. ಗೊಲ್ಲಪ್ಪ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಓಬಣ್ಣ ಮೊದಲು ಕಣ್ಣುಕಣ್ಣು ಬಿಟ್ಟ. ಆಮೇಲೆ ಅವನಿಗೆ ವಿಷಯ ಹೊಳೆಯಿತು. ಹೊಳೆದ ಮೇಲೆ ಅಲ್ಲ ಎನ್ನಬೇಕಿತ್ತು. ಎನ್ನಲಿಲ್ಲ.

"ಆ ಕಂಪ್ಯೂಟರು ಹೆಂಗಿರ್ತದಪ್ಪ ಒಳಗೆ?" ಎಂದು ಗೊಲ್ಲಪ್ಪ ಕೇಳಿದ.

"ಮಗ್ಗದಂಗೇ ಇರ್ತದೆ" ಎಂದ ಓಬಣ್ಣ ಗಂಭೀರವಾಗಿ. "ನೂಲು ಇರಲ್ಲ, ಅಷ್ಟೇ."

ಹೊಗಳಿಕೆ ಯಾರಿಗೆ ಕಹಿ? ಒಂದು ವಾರ ಅವನು ಊರಲ್ಲಿ ತಲೆ ಎತ್ತಿಕೊಂಡು ಓಡಾಡಿದ. ಮೀಸೆಗೆ ಎಣ್ಣೆ ಬಿತ್ತು. "ಆ ಕಾಗದ ನಂದು" ಎಂದಳು ಕಾಳಕ್ಕ ಒಂದು ದಿನ. "ನಿಂದಾದ್ರೆ ನಿನ್ನ ಹೆಸರು ಎಲ್ಲೈತೆ ತೋರ್ಸು" ಎಂದ. ತೋರಿಸುವುದೇನನ್ನು? ಒತ್ತಿದ್ದೇ ಅವಳ ಬೆರಳು. "ಹೆಸರು ಯಾರದಾದ್ರೇನೇ, ಮನೆ ಒಂದೇ ಅಲ್ಲವಾ" ಎಂದು ಸಮಾಧಾನವನ್ನೂ ಅವನೇ ಹೇಳಿದ.

ಕಾಳಕ್ಕ ಹೊಳಲ್ಕೆರೆಗೆ ಓಡಿದಳು. ವಿಷಯ ಕೇಳಿ ರಘುನಾಥ್ ತಲೆ ಮೇಲೆ ಕೈ ಹೊತ್ತು ಕೂತ. "ಅಲ್ಲಿ ಹೋಗಿ ನೀವೇ ಹೇಳಿಬಿಡ್ರಿ ಅಕ್ಕ, ನಾನು ಬರೆದಿದ್ದು ಅಂತ" ಎಂದ.

"ನಾಕು ಜನರ ಮುಂದೆ ಗಂಡನ್ನ ಸುಳ್ಳ ಅನ್ನಾದು ಹೆಂಗೆ ಮೇಷ್ಟ್ರೆ? ಅವರೇ ಹೇಳಬೇಕು. ಹೇಳಿದ್ರೆ ಹೇಳಿದ್ರು, ಇಲ್ದಿದ್ರೆ ಇಲ್ಲ."

ಗುರುವಾರ ಇಬ್ಬರೂ ಹೊರಟರು. ಬಸ್ಸು ಹೊಳಲ್ಕೆರೆ ದಾಟಿದ ಮೇಲೆ ಓಬಣ್ಣ ಎಲೆಅಡಿಕೆಯ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತ ಕೇಳಿದ: "ಆ ಇಲಿ ಹೆಂಗೆ ಹಿಡೀಬೇಕೇ?"

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ಕಾಳಕ್ಕ ಅವನ ಕೈಯನ್ನು ಡಬ್ಬಿಯ ಮೇಲೆ ಸರಿಯಾಗಿ ಇಟ್ಟಳು. "ಎತ್ತಬ್ಯಾಡ್ರಿ. ಮೆಲ್ಲಕೆ ಜರುಗಿಸ್ರಿ. ಈ ಬೆರಳಿಂದ ಒತ್ರಿ" ಎಂದಳು. ದುರ್ಗದ ಬಸ್ ಸ್ಟ್ಯಾಂಡ್ ಬರುವವರೆಗೂ ಅವನು ಡಬ್ಬಿ ಒತ್ತಿದ. ಕಳ್ಳತನ ಮಾಡಲು ಹೊರಟವನಿಗೆ ಮನೆಯೊಡತಿಯೇ ಬೀಗದ ಕೈ ಕೊಟ್ಟಳಲ್ಲ ಎಂದು ಅವಳಿಗೇ ಅನ್ನಿಸಿತು. ಆದರೂ ತಪ್ಪು ಹೇಳಿಕೊಡಲು ಮನಸ್ಸು ಬರಲಿಲ್ಲ.

ಸಂಘದ ಆಫೀಸಿನಲ್ಲಿ ಬೃಂದಾ ಎಂಬ ಮೇಡಂ ಇದ್ದರು, ಜೊತೆಗೆ ಸಮಿತಿಯ ಇಬ್ಬರು ಹಿರಿಯರು. "ಬನ್ನಿ ಓಬಣ್ಣನವರೇ, ಕೂತ್ಕೊಳ್ಳಿ" ಎಂದು ಕಂಪ್ಯೂಟರಿನ ಮುಂದಿನ ಕುರ್ಚಿ ತೋರಿಸಿದರು. ಓಬಣ್ಣ ಕೂತ. ಕಾಳಕ್ಕ ಬಾಗಿಲ ಬಳಿ ನಿಂತಳು. ಮೇಡಂ ಏಳನೆಯ ಹಾಳೆ ತೆರೆದರು.

"ಇದು ಕಂಬಳಿಗೆ ಹಾಕಿರೋ ಅಂಚು. ಇದನ್ನ ಶಾಲಿಗೆ ಬಳಸಬೇಕು ಅಂದ್ರೆ ಅಗಲ ಕಡಿಮೆ ಮಾಡಬೇಕು. ಯಾವ ಎಳೆ ತೆಗೀತೀರಿ? ಮಾಡಿ ತೋರಿಸಿ."

ಓಬಣ್ಣ ಮೌಸಿನ ಮೇಲೆ ಕೈಯಿಟ್ಟ. ಪರದೆ ನೋಡಿದ. ಹೆಂಡತಿ ಮೂರು ತಿಂಗಳು ದಿನಾ ಬಸ್ಸು ಹಿಡಿದು ಹೋಗಿ ಏನು ಬರೆದಳು ಎಂದು ಅವನು ಅಲ್ಲಿಯವರೆಗೆ ಒಂದು ಸಲವೂ ನೋಡಿರಲಿಲ್ಲ. ಈಗ ನೋಡಿದ. ನೋಡಿದ್ದು ಗಂಡನ ಕಣ್ಣಲ್ಲಲ್ಲ, ನೇಕಾರನ ಕಣ್ಣಲ್ಲಿ. ಎಳೆ ಎಣಿಸುತ್ತ ಹೋದ. ಎಲ್ಲೂ ಒಂದು ಎಳೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇದ್ದ ಹಾಗೆ ಮಗ್ಗಕ್ಕೆ ಹಾಕಿದರೆ ಇದ್ದ ಹಾಗೆ ನೇಯ್ದು ಬರುತ್ತದೆ. ಕುರಿಗಿಲ್ಲದ ಸೋಕಿ ಎಂದು ತಾನು ನಕ್ಕುಬಿಟ್ಟ ಅಂಚು ಇದೇ ಎಂದು ಅವನಿಗೆ ಗುರುತು ಸಿಕ್ಕಿತು. ಅದು ಚೆನ್ನಾಗಿತ್ತು. ಅವನು ಜೀವಮಾನದಲ್ಲಿ ನೇಯ್ದ ಯಾವ ಅಂಚಿಗಿಂತಲೂ ಚೆನ್ನಾಗಿತ್ತು.

ಕೈ ಜರುಗಲಿಲ್ಲ. ಕಾಳಕ್ಕ ನೆಲ ನೋಡುತ್ತಿದ್ದಳು.

"ಏನಾಯ್ತು ಓಬಣ್ಣನವರೇ?" ಎಂದರು ಮೇಡಂ.

ಓಬಣ್ಣ ಎದ್ದು ನಿಂತ. "ಮೇಡಂ, ತಪ್ಪಾಗೈತೆ. ಇದು ನನ್ನ ಕೈದಲ್ಲ. ನಮ್ಮ ಕಡೆ ಮಗ್ಗದೋನ ಹೆಸರು ಹಾಕಾದು ರೂಢಿ, ಅದಕ್ಕೆ ಆಕೆ ನನ್ನ ಹೆಸರು ಹಾಕ್ಯಾಳೆ. ಕಾಗದ ಬಂದಾಗ್ಲೇ ನಾನು ಹೇಳಬೇಕಿತ್ತು. ಹೇಳಲಿಲ್ಲ." ಪರದೆಯ ಕಡೆ ಕೈ ತೋರಿದ. "ಈ ಮಗ್ಗಕ್ಕೆ ನಾನು ಕೂರಂಗಿಲ್ಲರೀ. ಇದು ಆಕೆ ಮಗ್ಗ."

ಕುರ್ಚಿಯನ್ನು ಹಿಂದಕ್ಕೆಳೆದು, ಬಾಗಿಲ ಕಡೆ ತಿರುಗಿ, "ಬಾ, ಕುಂತ್ಕ" ಎಂದ.

ಇಪ್ಪತ್ತೆರಡು ವರ್ಷದಲ್ಲಿ ಅವನು ಎದ್ದು ಅವಳಿಗೆ ಜಾಗ ಬಿಟ್ಟದ್ದು ಅದೇ ಮೊದಲು. ಕಾಳಕ್ಕನ ಕಣ್ಣು ತುಂಬಿತು, ಆದರೆ ಅಳುತ್ತ ಕೂತರೆ ಚೌಕಗಳು ಕಾಣುವುದಿಲ್ಲವೆಂದು ಒರೆಸಿಕೊಂಡಳು. ಕೂತು, ಬಿಳಿಯಲ್ಲಿ ಎರಡು, ಕಂದಿನಲ್ಲಿ ಎರಡು ತೆಗೆದು, ಬೂದಿಯನ್ನು ಮುಟ್ಟದೆ ಬಿಟ್ಟು, ಅಂಚನ್ನು ಕಿರಿದು ಮಾಡಿದಳು. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೇಡಂ ಹಿರಿಯರ ಮುಖ ನೋಡಿದರು, ಹಿರಿಯರು ತಲೆಯಾಡಿಸಿದರು. ಹೆಸರು ತಿದ್ದಿ, ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದರು. ಮೊದಲು ಈ ಏಳನೆಯ ಹಾಳೆಯನ್ನೇ ನೇಯಿಸುವುದೆಂದೂ ಆಯಿತು.

ಹೊರಗೆ ಬಿಸಿಲಿತ್ತು. ಬಸ್ ಸ್ಟ್ಯಾಂಡಿನವರೆಗೂ ಓಬಣ್ಣ ಎರಡು ಹೆಜ್ಜೆ ಹಿಂದೆಯೇ ಬಂದ. ಊರಲ್ಲಿ ಗೊಲ್ಲಪ್ಪನಿಗೆ ಏನು ಹೇಳುವುದೆಂದು ಚಿಂತಿಸುತ್ತಿದ್ದಾನೆ ಎಂದುಕೊಂಡಳು ಅವಳು. ಅವನ ಚಿಂತೆ ಬೇರೆಯೇ ಇತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮೇಲೆ, ನೇಕಾರ ಇನ್ನೊಬ್ಬ ನೇಕಾರನನ್ನು ಕೇಳುವ ಹಾಗೆ ಕೇಳಿದ:

"ಆ ಏಳನೇದನ್ನ ನಮ್ಮ ಮಗ್ಗದಾಗೂ ಹಾಕಾಣ. ಬೂದಿ ಬಣ್ಣ ಎಷ್ಟೆಳೆ ಕೊಡ್ಬೇಕು, ನೀನು ಹೇಳು."

ಎಷ್ಟೋ ವರ್ಷದಿಂದ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು ಕಾಳಕ್ಕ. ಗಂಡನೇ ಬಾಯಿಬಿಟ್ಟು ಕೇಳಿದ ಆ ಹೊತ್ತಿನಲ್ಲಿ ಮಾತ್ರ ಎಷ್ಟು ಯೋಚಿಸಿದರೂ ಅವಳಿಗೆ ಆ ಲೆಕ್ಕ ನೆನಪಿಗೆ ಬರಲಿಲ್ಲ.