ಅಟ್ಟದ ನಡುವಿನ ಕಾಯಿ

ಹೊನ್ನವಳ್ಳಿಯ ಮರುಳಸಿದ್ದಯ್ಯನವರು ಅಟ್ಟ ಹತ್ತಿದರೆ ಕೊಬ್ಬರಿ ವ್ಯಾಪಾರಿಗಳು ಕೆಳಗೆ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ವರ್ಷದ ಹತ್ತಿರ ಅಟ್ಟದಲ್ಲಿ ಬಿದ್ದ ತೆಂಗಿನಕಾಯಿಯೊಳಗೆ ನೀರು ಇಂಗಿ ಕೊಬ್ಬರಿಯಾಗಿದೆಯೋ, ಕೊಳೆತಿದೆಯೋ, ಒಡೆಯದೆ ಹೇಳಬೇಕು. ರಾಶಿ ಕದಡುವಂತಿಲ್ಲ. ಮೂಲೆಗೊಂದು, ನಡುವಿಗೊಂದು ತೆಗೆದು ಕಿವಿಯ ಬಳಿ ಅಲ್ಲಾಡಿಸಿ ಸದ್ದು ಕೇಳಿ, ಮಿಕ್ಕ ಅಟ್ಟವನ್ನೆಲ್ಲ ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದರು. “ಅನ್ನ ಬೆಂದೈತಾ ಅಂತ ನೋಡಕ್ಕೆ ಒಂದಗುಳು ಹಿಸುಕಿದ್ರೆ ಸಾಕು ಕಣಪ್ಪ” ಎನ್ನುವರು. ಗತ್ತು ತುಸು ಜಾಸ್ತಿಯೇ. ಆದರೆ ಅವರ ಮಾತು ತಪ್ಪಿದ್ದು ಕಡಿಮೆ.

ಎಂಬತ್ತರ ದಶಕದ ನಡುವೆ ಹೆಂಡತಿ ಸಿದ್ದಗಂಗಮ್ಮನಿಗೆ ತಲೆನೋವು ಅಂಟಿಕೊಂಡಿತು. ತಿಪಟೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ತಲೆಯೊಳಗಿನ ಪಟ ತೆಗೆಯುವ ಸ್ಕ್ಯಾನ್ ಯಂತ್ರ ಹೊಸದಾಗಿ ಬಂದಿತ್ತು. ಆಕೆಯನ್ನು ಅದರೊಳಗೆ ಮಲಗಿಸಿ ಪಟ ತೆಗೆದ ಮೇಲೆ ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು.

“ತಲೇನ ಅಡ್ಡಡ್ಡ ಹೋಳು ಮಾಡಿದ ಹಾಗೆ ಪಟ ಬಂದಿವೆ. ಒಂದರ ಮೇಲೊಂದು ಜೋಡಿಸಿಕೊಂಡು ಒಳಗಿನ ಪೂರ್ತಿ ಆಕಾರ ಊಹಿಸ್ತೀವಿ. ಎರಡು ಪಟದ ನಡುವಿನ ಜಾಗ ಕಂಡಿಲ್ಲ. ಹಿಂಭಾಗದಲ್ಲಿ ನನಗೆ ಅನುಮಾನ ಇದೆ. ನಾಳೆ ಅಲ್ಲಿ ಒತ್ತೊತ್ತಾಗಿ ಇನ್ನಷ್ಟು ತೆಗೆಯೋಣ.”

ಸಿದ್ದಗಂಗಮ್ಮ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಎರಡು ಸಲ ವಾಂತಿಯಾಗಿತ್ತು. “ಆ ತೂತೊಳಕ್ಕೆ ಮತ್ತೆ ತಲೆ ಇಡಕ್ಕಾಗಲ್ಲ ಕಣ್ರೀ. ಊರಿಗೆ ಹೋಗಾನ” ಎಂದಳು.

ಮರುಳಸಿದ್ದಯ್ಯ ದೀಪಕ್ಕೆ ಹಿಡಿದ ಪಟಗಳನ್ನು ಒಂದೊಂದಾಗಿ ನೋಡಿದರು. “ಇವ್ಯಾವುದರಲ್ಲೂ ಏನೂ ಇಲ್ವಲ್ಲ ಸಾರ್. ಅಕ್ಕಪಕ್ಕ ಇಷ್ಟು ಚೆನ್ನಾಗಿದ್ಮೇಲೆ ನಡುವಿಂದೂ ಚೆನ್ನಾಗೇ ಇರ್ತದೆ. ಸಾಕು ಬುಡಿ.”

ಡಾಕ್ಟರು ಮತ್ತೊಮ್ಮೆ ಹೇಳಿ ನೋಡಿದರು. ಇವರು ನಕ್ಕು ಕೈ ಮುಗಿದರು. ಹೆಂಡತಿಯ ಮೇಲಿನ ಕನಿಕರವೂ ನಿಜ, ಕಸುಬಿನ ಜಂಬವೂ ನಿಜ. ಅಂದೇ ಊರಿನ ಬಸ್ಸು ಹತ್ತಿದರು.

ದೀಪಾವಳಿಯ ಹೊತ್ತಿಗೆ ಆಕೆಗೆ ಕಣ್ಣು ಮಂಜಾಯಿತು, ನಡೆದರೆ ವಾಲತೊಡಗಿದಳು. ಮತ್ತೆ ಬೆಂಗಳೂರು, ಮತ್ತೆ ಯಂತ್ರ. ಈ ಸಲ ಗೆಡ್ಡೆ ಒಂದಲ್ಲ, ನಾಲ್ಕು ಪಟಗಳಲ್ಲಿ ಕಂಡಿತು. ಮೊದಲು ಬಂದಾಗ ಬಟಾಣಿ ಕಾಳಿನಷ್ಟಿದ್ದಿರಬೇಕು, ಎರಡು ಪಟದ ಸಂದಿಯಲ್ಲಿ ಕೂತಿದ್ದಿರಬೇಕು, ಆಗಲೇ ಸಿಕ್ಕಿದ್ದರೆ ತೆಗೆಯಬಹುದಿತ್ತು ಎಂದರು ಡಾಕ್ಟರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಬೈದಿದ್ದರೆ ಮರುಳಸಿದ್ದಯ್ಯನವರಿಗೆ ಎಷ್ಟೋ ಹಗುರವಾಗುತ್ತಿತ್ತು. ಶಿವರಾತ್ರಿಗೆ ಮುಂಚೆ ಸಿದ್ದಗಂಗಮ್ಮ ತೀರಿಕೊಂಡಳು.

ಬಹಳ ದಿನ ಅವರು ಯಾರ ಅಟ್ಟಕ್ಕೂ ಹೋಗಲಿಲ್ಲ. ಕೊನೆಗೆ ಹಳೆಯ ಗೆಳೆಯ ಅಣ್ಣಯ್ಯ ಬಲವಂತವಾಗಿ ತನ್ನ ಮನೆಗೆ ಕರೆದೊಯ್ದ. ಬೆಳಿಗ್ಗೆ ಹತ್ತಿದವರು ಮಧ್ಯಾಹ್ನವಾದರೂ ಇಳಿಯಲಿಲ್ಲ. ಅಣ್ಣಯ್ಯ ಏಣಿ ಹತ್ತಿ ಇಣುಕಿದರೆ, ಇಡೀ ರಾಶಿ ಕದಡಿಹೋಗಿತ್ತು. ಮರುಳಸಿದ್ದಯ್ಯ ಪ್ರತಿಯೊಂದು ಕಾಯಿಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ, ಈ ಕಡೆಯಿಂದ ಆ ಕಡೆಗೆ ಹಾಕುತ್ತಿದ್ದರು.

“ಇದೇನ್ಲಾ ಸಿದ್ದಯ್ಯ, ಮೂಲೆಗೊಂದು ನೋಡಿದ್ರೆ ಸಾಕಲ್ಲವಾ?”

“ಅವಳು ಹೆದರ್ಕೊಂಡು ಬ್ಯಾಡ ಅಂದ್ಲು ಕಣ್ಲಾ” ಎಂದರು ಮರುಳಸಿದ್ದಯ್ಯ. “ಸಾಕು ಅಂದೋನು ನಾನು.”

ಮತ್ತೊಂದು ಕಾಯಿ ತೆಗೆದುಕೊಂಡು ಕಿವಿಗೆ ಹಿಡಿದರು.