ಶೀರ್ಷಿಕೆ ಪುಟದ ಹಿಂಬದಿ ಓದುತ್ತಿದ್ದವರು

ತೊಂಬತ್ತಾರನೆಯ ಇಸವಿ, ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಶಿವಾಜಿನಗರದ ನಮ್ಮ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಎಡಕ್ಕೆ ನಾನು ನಿಂತಿದ್ದೆ. ನಾಲ್ಕು ಹೆಜ್ಜೆ ಆಚೆ, ಕಿಟಕಿಯ ಬಳಿ, ನಮ್ಮ ಪ್ರೂಫ್ ಮೇಷ್ಟ್ರು. ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದನ್ನು ಭೂತಗನ್ನಡಿಗೆ ಒತ್ತಿ ಓದುವುದು ಅವರ ರೂಢಿ. ಆ ಕಣ್ಣಿನ ಸುತ್ತ ಗಾಜಿನ ಅಂಚಿನ ಗುರುತು ಅಳಿದದ್ದನ್ನು ನಾನು ಕಂಡಿಲ್ಲ.

ಯಾವ ಪುಸ್ತಕ ಸಿಕ್ಕರೂ ಅವರು ಮೊದಲು ನೋಡುತ್ತಿದ್ದದ್ದು ಶೀರ್ಷಿಕೆ ಪುಟದ ಹಿಂಬದಿ. ಯಾವ ದೇಶದವರು ಹಕ್ಕಿನ ಸಾಲನ್ನು, ಅಂದರೆ © ಗುರುತು, ಹೆಸರು, ಇಸವಿ ಇರುವ ಕಾಪಿರೈಟ್ ಸಾಲನ್ನು, ಹೇಗೆ ಹಾಕುತ್ತಾರೆ, ಏಕೆ ಹಾಕುತ್ತಾರೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. "ಹುಡುಗಿ ನೋಡೋಕೆ ಹೋದ್ರೂ ನೀವು ಜಡೆ ನೋಡ್ಕೊಂಡ್ ಬರೋರು, ಮೇಷ್ಟ್ರೇ" ಎಂದು ನಮ್ಮ ಪ್ರೆಸ್ಸಿನ ಬೈಂಡರ್ ಚಾಚಾ ಕಿಚಾಯಿಸುತ್ತಿದ್ದರು.

ಅವತ್ತು ಬಂದವರು ಸಿ.ವಿ. ರಾಮನ್ ನಗರದ ಕಸೂತಿ ಟೀಚರ್, ಧಾರವಾಡದ ಕಡೆಯವರು. ಇಪ್ಪತ್ತು ವರ್ಷ ಕೂತು ತಾವೇ ಬಿಡಿಸಿದ ಹೊಸ ನಮೂನೆಗಳ ಪುಸ್ತಕವನ್ನು ನಮ್ಮಲ್ಲಿ ಅಚ್ಚು ಹಾಕಿಸಿದ್ದರು. ಐವತ್ತು ಪ್ರತಿ ಆಗಲೇ ಅಮೆರಿಕದ ಒಂದು ಕರಕುಶಲ ಮೇಳಕ್ಕೆ ಹೋಗಿಬಿಟ್ಟಿದ್ದವು. ಯಾವ ಪ್ರತಿಯಲ್ಲೂ ಹಕ್ಕಿನ ಸಾಲು ಇರಲಿಲ್ಲ.

"ಸರ್, ಆ ಗುರ್ತು ಇಲ್ಲಂದ್ರ ಅಲ್ಲಿ ಯಾರ್ ಬೇಕಾದವ್ರು ನನ್ನ ನಮೂನಿ ಅಚ್ಚ ಹಾಕ್ಕೋಬಹುದಂತ. ಖರೇ ಏನ್ರಿ?"

ಅವರ ಧ್ವನಿ ಏರಲಿಲ್ಲ. ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು.

ಮೇಷ್ಟ್ರು ಪುಟಗಳನ್ನು ಅಂಟಿಸಿದ್ದ ಮೂಲ ಹಾಳೆ ತರಿಸಿದರು. ಸಾಲಿದ್ದ ಜಾಗದಲ್ಲಿ ಒಣಗಿದ ಗೋಂದು ಮಾತ್ರ ಇತ್ತು. ಸಾಲು ಇದ್ದ ಕಾಗದದ ಚೂರು ಮೇಲಿನ ಹಾಳೆಯ ಬೆನ್ನಿಗೆ ಅಂಟಿಕೊಂಡಿತ್ತು. ಮೇಷ್ಟ್ರು ಪ್ರೂಫ್ ಒಪ್ಪಿದ ಮೇಲೆ, ಬೆಲೆ ಬದಲಿಸಲೆಂದು ಆ ಮೂಲ ಹಾಳೆ ಹೊರತೆಗೆದವನು ನಾನು. ಮೇಷ್ಟ್ರು ಒಮ್ಮೆ ನನ್ನ ಕಡೆ ನೋಡಿದರು.

"ಕೊನೇಲಿ ನೋಡಿದ್ದು ನಾನೇ, ಟೀಚರಮ್ಮ. ತಪ್ಪು ನಂದು."

ಆಮೇಲೆ ನೋಟ್‌ಬುಕ್ ತೆರೆದು ಹೇಳಿದರು. ಹಿಂದೆ ಆ ಗುರುತು, ಹೆಸರು, ಇಸವಿ ಇಲ್ಲದೆ ಪುಸ್ತಕ ಹೊರಬಿದ್ದರೆ ಅಮೆರಿಕದಲ್ಲಿ ಹಕ್ಕು ಕೈತಪ್ಪುವ ಭಯವಿತ್ತು, ನಿಜ. ನಮ್ಮಲ್ಲಿ ಹಾಗಲ್ಲ, ಬರೆದಾಗಲೇ ಹಕ್ಕು ಬರೆದವರದು. ಹೀಗೆ ನಡೆಯುವ ದೇಶಗಳ ಒಪ್ಪಂದಕ್ಕೆ ಕೆಲವು ವರ್ಷಗಳ ಹಿಂದೆ ಅಮೆರಿಕವೂ ಸೇರಿದೆ. "ಬೋರ್ಡ್ ಹಾಕಿಲ್ಲ ಅಂತ ಮನೆ ಬೇರೆಯವ್ರದ್ದಾಗಲ್ಲ. ನಿಮ್ದು ನಿಮ್ದೇ."

ಟೀಚರ್ ಸ್ಟೂಲಿನ ಮೇಲೆ ಕುಳಿತು ನೀರು ಕೇಳಿದರು. ತಂದುಕೊಟ್ಟು, ಅವರ ಕಡೆ ನೋಡದೆ ಯಂತ್ರದ ಹತ್ತಿರ ಹೋದೆ.

ಮುಂದಿನ ಮೂರು ದಿನ ಮೇಷ್ಟ್ರು ಉಳಿದ ಪ್ರತಿಗಳಿಗೆಲ್ಲ ಆ ಸಾಲಿನ ರಬ್ಬರ್ ಸ್ಟಾಂಪ್ ಒತ್ತಿದರು. ಹಕ್ಕು ಹೇಗೂ ಇದೆಯಲ್ಲ, ಇದೇಕೆ ಎಂದು ಕೇಳಿದೆ.

"ಗುರುತು ನೋಡ್ಲಿಲ್ಲ ಅಂತ ನಾಳೆ ಯಾರೂ ಹೇಳ್ಬಾರ್ದಲ್ಲಪ್ಪ."

ಮೇಷ್ಟ್ರು ಎರಡು ಸಾವಿರದ ನಾಲ್ಕರಲ್ಲಿ ಹಲಸೂರಿನ ಮನೆಯಲ್ಲಿ ತೀರಿಕೊಂಡರು. ಆ ಮಂಗಳವಾರ ಪ್ರೆಸ್ಸಿನಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಇರುವವರು ಇಬ್ಬರೇ: ಕಲ್ಯಾಣ ನಗರದ ಮಗಳ ಮನೆಯಲ್ಲಿ ಬೈಂಡರ್ ಚಾಚಾ, ಮತ್ತೆ ಟೀಚರ್. ಮೇಷ್ಟ್ರ ಸಾವಿನ ಸುದ್ದಿ ತಿಳಿಸಲು ಹೋದಾಗ, ಆ ತಪ್ಪು ನನ್ನದು ಎಂದು ಟೀಚರ್‌ಗೆ ಹೇಳಿದೆ.

"ಗೊತ್ತಿತ್ರಿ" ಎಂದರು. "ಅವತ್ತ ನಿಮ್ಮ ಮಾರಿ ನೋಡಿದ್ದೆ."